‘ಎಲ್ಲಾ ಗ್ರೀನ್ ಬಂತು ಸಾರ್’ ಅಂದರೆ ಸಾಲದು: ನನ್ನ ಕೇಮನ್ ಮತ್ತು ಐದು ವರ್ಷದ ವೀಲ್ ಅಲೈನ್‌ಮೆಂಟ್

ಪಂಕ್ಚರ್ ಅಂಗಡಿಯ ಹುಡುಗ ಹಿಂದಿನ ಬಲ ಚಕ್ರದ ಒಳಗೆ ಕೈ ಹಾಕಿ ಸವರಿದ. “ಅಣ್ಣಾ, ಇಲ್ಲಿ ಒಂದ್ಸಲ ನೋಡಿ” ಅಂದ. ಬಗ್ಗಿ ನೋಡಿದರೆ ಟೈರಿನ ಒಳಅಂಚಿನಲ್ಲಿ ತಂತಿ ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಅದೇ ಟೈರಿನಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಗೆರೆ ಇತ್ತು. ಹಾಕಿಸಿ ಓಡಿದ್ದು ಬರೀ 9 ಸಾವಿರ ಕಿಲೋಮೀಟರ್. ಹಿಂದಿನ ಭಾನುವಾರವಷ್ಟೇ ನಾನು ಅದೇ ಟೈರಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಬಂದಿದ್ದೆ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಆ ಹೊತ್ತಿಗೆ ಹೊಟ್ಟೆಯೊಳಗೆ ಆದ ಸಂಕಟ ಈಗಲೂ ನೆನಪಿದೆ.

ಕಾರು ಪೋರ್ಷೆ ಕೇಮನ್, 981 ಸೀರೀಸ್, 2014ರ ಮಾಡೆಲ್. 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, 275 ಪಿಎಸ್. 2019ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಎಂಜಿನ್ ಸೀಟಿನ ಬೆನ್ನಿಗೇ ಕೂತಿದೆ, ಹಾಗಾಗಿ ಹಿಂದಿನ ಚಕ್ರಗಳ ಮೇಲೆ ಭಾರ ಜಾಸ್ತಿ. ಟೈರುಗಳೂ ಒಂದೇ ಅಳತೆಯವಲ್ಲ. ಮುಂದೆ 235/45, ಹಿಂದೆ 265/45, ಎರಡೂ 18 ಇಂಚು. ಸಾಮಾನ್ಯ ಕಾರಿನ ಹಾಗೆ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸರಿದೂಗಿಸಲು ಬರುವುದಿಲ್ಲ. ಒಂದು ಅಂಚು ಸವೆದರೆ ಟೈರ್ ಹೋಯಿತು ಅಂತಲೇ ಲೆಕ್ಕ. ಆವತ್ತು ಹಿಂದಿನ ಎರಡು ಹೊಸ ಟೈರಿಗೆ 50 ಸಾವಿರ ದಾಟಿತು.

ನಾನು ಅಲೈನ್‌ಮೆಂಟ್, ಅಂದರೆ ಚಕ್ರಗಳ ವಾಲು, ಓರೆ ಅಳೆದು ಸರಿ ಮಾಡುವ ಕೆಲಸ, ಮಾಡಿಸದೇ ಇದ್ದವನಲ್ಲ. ಟೈರ್ ಹಾಕಿಸಿದ ದಿನವೇ ಊರಿನ ಒಂದು ದೊಡ್ಡ ಟೈರ್ ಅಂಗಡಿಯಲ್ಲಿ ಮಾಡಿಸಿದ್ದೆ. ಕ್ಯಾಮೆರಾ ಇರುವ ಹೊಸ 3ಡಿ ಮೆಷಿನ್, ಥಳಥಳ ಹೊಳೆಯುವ ನೆಲ. ನಲವತ್ತು ನಿಮಿಷದಲ್ಲಿ “ಎಲ್ಲಾ ಗ್ರೀನ್ ಬಂತು ಸಾರ್, ಟೆನ್ಷನ್ ಬೇಡ” ಅಂದರು. ಸ್ಟೇರಿಂಗ್ ನೇರವಾಗಿತ್ತು. ಕಾರು ಯಾವ ಕಡೆಗೂ ಎಳೆಯುತ್ತಿರಲಿಲ್ಲ. ಅಷ್ಟು ಸಾಕು ಅಂದುಕೊಂಡೆ. ಒಂದೇ ಒಂದು ಸಣ್ಣ ವಿಷಯ ಇತ್ತು. ಕುಣಿಗಲ್ ಕಡೆ ಹೈವೇಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಒಂದು ಬದಿಗೆ ಜರುಗಿದ ಹಾಗೆ ಅನಿಸುತ್ತಿತ್ತು. ರಸ್ತೆಯದ್ದಿರಬೇಕು ಅಂತ ಬಿಟ್ಟೆ. ಬಿಡಬಾರದಿತ್ತು.

ತಂತಿ ಕಂಡ ಮೇಲೆ ಸ್ನೇಹಿತರೊಬ್ಬರು ಪೀಣ್ಯದ ಒಂದು ಸಣ್ಣ ಶೆಡ್ಡಿಗೆ ಕಳಿಸಿದರು. ನಾನು ಈ ವಿಮರ್ಶೆ ಬರೆಯುತ್ತಿರುವುದು ಆ ಶೆಡ್ಡಿನ ಕೆಲಸದ ಬಗ್ಗೆ. ಹೆಸರು ಹಾಕಬೇಡಿ ಅಂತ ಮೇಸ್ತ್ರಿಯೇ ಕೇಳಿಕೊಂಡಿದ್ದಾರೆ. ವಾರಕ್ಕೆ ಇಂಥ ಎರಡು ಕಾರು ಮಾತ್ರ ಹಿಡಿಯುತ್ತಾರೆ, ಅದಕ್ಕಿಂತ ಜಾಸ್ತಿ ಬಂದರೆ ಕೆಲಸ ಕೆಡುತ್ತದೆ ಅನ್ನುತ್ತಾರೆ.

ಮೊದಲ ದಿನ ಅವರು ಕಾರನ್ನು ಮುಟ್ಟಲೇ ಇಲ್ಲ. ಹಳೇ ಪ್ರಿಂಟ್ ಕೇಳಿದರು. ಗ್ಲೋವ್ ಬಾಕ್ಸಿನಿಂದ ತೆಗೆದುಕೊಟ್ಟೆ. ಕಾಗದದ ತಲೆಯ ಮೇಲೆ ಬೆರಳಿಟ್ಟರು. “ಸಾರ್, ಇದು ನಿಮ್ಮ ಗಾಡಿಯೇ ಅಲ್ವಲ್ಲ.” ನಿಜ. ಮೆಷಿನ್ನಿನ ಪಟ್ಟಿಯಲ್ಲಿ ಬೇರೆ ಯಾವುದೋ ಮಾಡೆಲ್ ಆರಿಸಿದ್ದರು. ಆ ಮಾಡೆಲ್ಲಿಗೆ ಒಪ್ಪುವ ಅಳತೆಯ ಮಿತಿ ತುಂಬ ಅಗಲ. ಅಳತೆ ಮಿತಿಯೊಳಗಿದ್ದರೆ ಮೆಷಿನ್ ಹಸಿರು ತೋರಿಸುತ್ತದೆ, ಹಾಗಾಗಿ ಎಲ್ಲವೂ ಹಸಿರು. ಆದರೆ ಅಂಕಿಗಳನ್ನು ಓದಿದರೆ ಕಥೆಯೇ ಬೇರೆ. ಹಿಂದಿನ ಎಡ ಚಕ್ರದ ಟೋ 5 ಮಿನಿಟ್, ಬಲದ್ದು 25 ಮಿನಿಟ್. ಕ್ಯಾಂಬರ್ ಎಡಕ್ಕೆ ಮೈನಸ್ 1 ಡಿಗ್ರಿ 25 ಮಿನಿಟ್, ಬಲಕ್ಕೆ ಮೈನಸ್ 2 ಡಿಗ್ರಿ 10 ಮಿನಿಟ್. ಒಂದೂವರೆ ವರ್ಷ ಆ ಕಾಗದ ನನ್ನ ಕಾರಿನಲ್ಲೇ ಇತ್ತು. ನಾನು ಬಣ್ಣ ನೋಡಿದ್ದೆ, ಅಂಕಿ ನೋಡಿರಲಿಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ಒಂದು ಡಿಗ್ರಿಗೆ 60 ಮಿನಿಟ್. ಕ್ಯಾಂಬರ್ ಅಂದರೆ ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಮೈನಸ್ ಅಂದರೆ ತಲೆ ಒಳಕ್ಕೆ ವಾಲಿದೆ. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಅನ್ನುವುದು. ಕ್ಯಾಂಬರ್ ಜಾಸ್ತಿ ಇದ್ದರೆ ಟೈರ್ ಸವೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಕ್ಯಾಂಬರ್ ಒಳಅಂಚನ್ನು ನೆಲಕ್ಕೆ ಒತ್ತುತ್ತದೆ, ಅದನ್ನು ಉಜ್ಜುವುದು ಟೋ. 25 ಮಿನಿಟ್ ಓರೆಯಾಗಿರುವ ಚಕ್ರ ಲೆಕ್ಕದ ಪ್ರಕಾರ ಪ್ರತಿ ಕಿಲೋಮೀಟರಿಗೆ ಸುಮಾರು 7 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಬೆಂಗಳೂರಿನಿಂದ ಮಂಗಳೂರಿನವರೆಗೆ ಟೈರನ್ನು ಹಾಗೆ ಉಜ್ಜಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಹಾಗಾದರೆ ಸ್ಟೇರಿಂಗ್ ನೇರವಾಗಿ ಇದ್ದದ್ದು ಹೇಗೆ? ಹಿಂದಿನ ಎರಡು ಚಕ್ರಗಳು ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತವೋ ಆ ಗೆರೆಗೆ ಮುಂದಿನ ಚಕ್ರಗಳನ್ನು ಹೊಂದಿಸಿಬಿಟ್ಟರೆ ಸ್ಟೇರಿಂಗ್ ನೇರ ನಿಲ್ಲುತ್ತದೆ. ಕಾರು ಮಾತ್ರ ಚೂರು ಓರೆಯಾಗಿ ಓಡುತ್ತಿರುತ್ತದೆ. ಅದಕ್ಕೇ ಈ ಮೇಸ್ತ್ರಿ ಯಾವಾಗಲೂ ಹಿಂದಿನಿಂದ ಶುರು ಮಾಡುತ್ತಾರೆ. ಹಿಂದಿನ ಕ್ಯಾಂಬರ್, ಹಿಂದಿನ ಟೋ, ಆಮೇಲೆ ಮುಂದಿನ ಕ್ಯಾಂಬರ್, ಕೊನೆಗೆ ಮುಂದಿನ ಟೋ. ಬರೀ ಮುಂದಿನ ಟೈ ರಾಡ್ (ಮುಂದಿನ ಟೋ ಹೊಂದಿಸುವ ಸರಳು) ತಿರುಗಿಸಿ ಕಳಿಸುವ ಜಾಗಕ್ಕೆ ಇಂಥ ಕಾರನ್ನು ಒಯ್ಯಲೇಬೇಡಿ.

ಎರಡನೇ ಭೇಟಿಗೆ ಬರುವಾಗ ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಡಿಕ್ಕಿ ಖಾಲಿ ಮಾಡಿ ಬನ್ನಿ ಅಂದಿದ್ದರು. ಶೆಡ್ಡಿನಲ್ಲಿ ಮೊದಲು ರಾಂಪ್ ಮಟ್ಟವಾಗಿದೆಯಾ ಅಂತ ನೋಡಿದರು. ಗಾರೆ ಕೆಲಸದವರು ಇಟ್ಟುಕೊಳ್ಳುವ ನೀರು ತುಂಬಿದ ಟ್ಯೂಬ್ ಇದೆಯಲ್ಲ, ಅದರಲ್ಲೇ ನಾಲ್ಕು ಮೂಲೆ ಹಿಡಿದು ನೋಡಿದರು. ಆಮೇಲೆ ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿದರು. ಆಮೇಲೆ ಕಾರನ್ನು ಎತ್ತಿ ಒಂದೊಂದು ಚಕ್ರವನ್ನೂ ಹಿಡಿದು ಅಲುಗಾಡಿಸಿದರು. ಬಾಲ್ ಜಾಯಿಂಟ್, ಟೈ ರಾಡ್, ಬುಷ್ (ಜಾಯಿಂಟಿನ ರಬ್ಬರ್) ಎಲ್ಲವನ್ನೂ ಕಂಬಿ ಹಾಕಿ ಮೀಟಿ ನೋಡಿದರು. ಸಡಿಲಾಗಿ ಆಡುವ ಜಾಯಿಂಟಿನ ಮೇಲೆ ಅಲೈನ್‌ಮೆಂಟ್ ಮಾಡಿದರೆ ಮೊದಲ ಗುಂಡಿಗೇ ಹೋಗಿಬಿಡುತ್ತದೆ. ಬಲ ಹಿಂದಿನ ಒಂದು ಆರ್ಮ್ ಬುಷ್ ಹರಿದಿತ್ತು. ಅದು ತರಿಸಿ ಹಾಕುವವರೆಗೆ ಹತ್ತು ದಿನ ಕಾರು ಅಲ್ಲೇ ನಿಂತಿತು.

ಬುಷ್ ಬಂದ ಮೇಲೆ ಅಸಲಿ ಕೆಲಸ. ಡ್ರೈವರ್ ಸೀಟಿನ ಮೇಲೆ 25 ಕೆಜಿಯ ಮೂರು ಮರಳಿನ ಚೀಲ ಇಟ್ಟರು, ನನ್ನ ತೂಕದ ಲೆಕ್ಕಕ್ಕೆ. ಎರಡೇ ಸೀಟಿನ ಕಾರು, ಬಹುಪಾಲು ನಾನೊಬ್ಬನೇ ಓಡಿಸುವುದು. ಖಾಲಿ ಕಾರಿನಲ್ಲಿ ಸಮ ಮಾಡಿದ್ದು ನಾನು ಕೂತಾಗ ಸಮ ಇರುವುದಿಲ್ಲ. ಹಿಂದಿನ ಕ್ಯಾಂಬರ್ ಮತ್ತು ಟೋಗೆ ಎಕ್ಸೆಂಟ್ರಿಕ್ ಬೋಲ್ಟುಗಳಿವೆ. ಬೋಲ್ಟ್ ತಿರುಗಿಸಿದರೆ ಆರ್ಮ್ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ನನ್ನ ಕಾರಿನವು ತುಕ್ಕು ಹಿಡಿದು ಕೂತಿದ್ದವು. ರಾತ್ರಿಯಿಡೀ ಎಣ್ಣೆ ಬಿಟ್ಟು ನೆನೆಸಿದ್ದರು. ಕ್ಯಾಂಬರ್ ತಿರುಗಿಸಿದರೆ ಟೋ ಬದಲಾಗುತ್ತದೆ, ಟೋ ಸರಿ ಮಾಡಿದರೆ ಕ್ಯಾಂಬರ್ ಚೂರು ಜರುಗುತ್ತದೆ. ಹಾಗಾಗಿ ಮೂರು ನಾಲ್ಕು ಸುತ್ತು. ಪ್ರತಿ ಸುತ್ತಿಗೂ ಕಾರನ್ನು ಹಿಂದೆ ಮುಂದೆ ತಳ್ಳಿ, ಒತ್ತಿ, ಸಸ್ಪೆನ್ಷನ್ ಕೂತ ಮೇಲೆಯೇ ಅಳತೆ. ಮುಂದಿನ ಕ್ಯಾಂಬರಿಗೆ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ನಟ್‌ಗಳನ್ನು ಸಡಿಲಿಸಿ ಸ್ವಲ್ಪ ಸರಿಸಿದರು. ಅಲ್ಲಿ ಸಿಗುವ ಜಾಗ ಕಡಿಮೆ, ಆದರೆ ಎಡಬಲ ಸಮ ಮಾಡಲು ಸಾಕಾಯಿತು.

ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮುಗಿದಾಗ ಎರಡು ಗಂಟೆ. ಕೊನೆಯ ಅಂಕಿ ಹೀಗಿತ್ತು. ಮುಂದೆ ಎರಡೂ ಕಡೆ ಕ್ಯಾಂಬರ್ ಮೈನಸ್ 40 ಮಿನಿಟ್, ಟೋ 5 ಮಿನಿಟ್ ಒಳಕ್ಕೆ. ಹಿಂದೆ ಎರಡೂ ಕಡೆ ಕ್ಯಾಂಬರ್ ಮೈನಸ್ 1 ಡಿಗ್ರಿ 35 ಮಿನಿಟ್, ಟೋ 10 ಮಿನಿಟ್ ಒಳಕ್ಕೆ. ಇದು ನನ್ನ ಕಾರಿನ, ನನ್ನ ಓಡಾಟದ ಅಂಕಿ. ನಿಮ್ಮ ಕಾರಿಗೆ ಕಂಪನಿಯ ಅಳತೆ ನೋಡಿಯೇ ಹೋಗಿ. ಟೈರ್ ಉಳಿಯಲಿ ಅಂತ ಹಿಂದಿನ ಟೋ ಸೊನ್ನೆ ಮಾಡಿಸಲು ಆಸೆಪಡಬೇಡಿ. ಹಿಂದೆ ಭಾರ ಇರುವ ಕಾರು ಬ್ರೇಕ್ ಒತ್ತಿದಾಗ ನೆಟ್ಟಗೆ ನಿಲ್ಲುವುದು ಆ ಚೂರು ಒಳಟೋದಿಂದಲೇ.

ಬಿಲ್ 8 ಸಾವಿರ, ಬುಷ್ ಬೇರೆ. ಆ ದೊಡ್ಡ ಅಂಗಡಿಗಿಂತ ನಾಲ್ಕು ಪಟ್ಟು.

ಸಂಜೆ ನೈಸ್ ರೋಡಿಗೆ ಹೋದೆ. ಬಲದ ಲೇನಿನಲ್ಲಿ ನೇರ ಹೋಯಿತು, ಎಡದ ಲೇನಿಗೆ ಬಂದರೆ ತೀರಾ ನಿಧಾನವಾಗಿ ಎಡಕ್ಕೆ ಸರಿಯಿತು. ಗಾಬರಿಯಾಗಿ ಫೋನ್ ಮಾಡಿದೆ. “ಸಾರ್, ನೀರು ಹರಿಯಲಿ ಅಂತ ರಸ್ತೆಯನ್ನೇ ಎಡಕ್ಕೆ ಇಳಿಜಾರು ಮಾಡಿರ್ತಾರೆ. ಅದಕ್ಕೆ ಗಾಡಿ ತಿರುಚೋದು ಬೇಡ” ಅಂದರು. ಕೆಲವು ಕಡೆ ಇದನ್ನು ಮುಚ್ಚಲು ಎಡಬಲ ಕ್ಯಾಂಬರ್ ಬೇರೆ ಬೇರೆ ಇಡುತ್ತಾರೆ. ಮಾಮೂಲಿ ಕಾರಿಗೆ ಅದು ಸರಿಯೇನೋ. ಘಾಟಿಯಲ್ಲಿ ಎಡ ತಿರುವಿಗೂ ಬಲ ತಿರುವಿಗೂ ಒಂದೇ ರೀತಿ ನಂಬಿ ಓಡಿಸಬೇಕಾದ ಕಾರಿಗೆ ನನಗಂತೂ ಬೇಡ.

ಮುಂದಿನ ಭಾನುವಾರ ಮತ್ತೆ ಚಾರ್ಮಾಡಿಗೇ ಹೋದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿದೆವು. ಬದಲಾವಣೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಮೊದಲು ಪ್ರತಿ ತಿರುವಿನಲ್ಲೂ ಸ್ಟೇರಿಂಗನ್ನು ಎರಡು ಸಲ ಸರಿಪಡಿಸುತ್ತಿದ್ದೆ. ಈಗ ಒಮ್ಮೆ ತಿರುಗಿಸಿದರೆ ಸಾಕು, ಕಾರು ಆ ಗೆರೆಯಲ್ಲೇ ನಿಲ್ಲುತ್ತದೆ. ಬ್ರೇಕ್ ಒತ್ತಿದಾಗ ಹಿಂಭಾಗ ಅಲುಗುವುದಿಲ್ಲ. “ಇವತ್ತು ನೀವು ಸ್ಟೇರಿಂಗ್ ಜೊತೆ ಜಗಳ ಆಡ್ತಿಲ್ಲ” ಅಂದಳು ಹೆಂಡತಿ. ಮೊದಲು ನಾನು ಎಷ್ಟು ಬಿಗಿಯಾಗಿ ಹಿಡಿದು ಕೂರುತ್ತಿದ್ದೆ ಅಂತ ಅವಳು ಹೇಳಿದ ಮೇಲೇ ನನಗೆ ಗೊತ್ತಾದದ್ದು.

ಐದು ವರ್ಷದಲ್ಲಿ ಈ ಶೆಡ್ಡಿನ ಕೊರತೆಗಳೂ ಕಂಡಿವೆ. ಎರಡು ವಾರ ಮೊದಲೇ ದಿನ ಹಿಡಿಯಬೇಕು. ಕೂರಲು ಒಂದು ಬೆಂಚು ಬಿಟ್ಟರೆ ಏನೂ ಇಲ್ಲ. ಶೆಡ್ಡಿನ ಬಾಗಿಲಲ್ಲಿ ಏರು ಇದೆ, ಹಲಗೆ ಇಡದಿದ್ದರೆ ಕಾರಿನ ಮುಂದಿನ ತುಟಿ ಉಜ್ಜುತ್ತದೆ. 2023ರಲ್ಲಿ ಒಮ್ಮೆ ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಆಂಗಲ್ ಸೆನ್ಸರ್ ರೀಸೆಟ್ ಮಾಡಲು ಮರೆತರು. ಅರ್ಧ ದಾರಿಯಲ್ಲಿ, ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲಿನ ದೀಪ ಹೊತ್ತಿಕೊಂಡಿತು. ವಾಪಸ್ ಹೋದೆ, ಹತ್ತು ನಿಮಿಷದಲ್ಲಿ ಸರಿ ಮಾಡಿ ಕ್ಷಮೆ ಕೇಳಿದರು. ಈಗ ನಾನೇ ಹೊರಡುವ ಮೊದಲು ಕೇಳುತ್ತೇನೆ.

ಈಗ ವರ್ಷಕ್ಕೊಮ್ಮೆ ಬರೀ ಅಳತೆ ನೋಡಿಸುತ್ತೇನೆ. ಹೊಸ ಟೈರ್ ಹಾಕಿದಾಗ, ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಪೂರ್ತಿ ಕೆಲಸ. ಪ್ರತಿ ಸಲವೂ ಮೊದಲಿನದ್ದು, ಆಮೇಲಿನದ್ದು ಎರಡೂ ಪ್ರಿಂಟ್ ತೆಗೆದುಕೊಳ್ಳುತ್ತೇನೆ. ಮಾಡೆಲ್ ಹೆಸರು ಓದುತ್ತೇನೆ. ಎಡಬಲದ ಅಂಕಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ಹೊರಳುವ ಅಕ್ಷ ಎಷ್ಟು ವಾಲಿದೆ ಅನ್ನುವುದು) ಈ ಕಾರಿನಲ್ಲಿ ತಿರುಗಿಸಲು ಬರುವುದಿಲ್ಲ, ಆದರೂ ಅದನ್ನೂ ನೋಡುತ್ತೇನೆ. ಎಡಬಲ ದಿಢೀರನೆ ವ್ಯತ್ಯಾಸ ಬಂದರೆ ಏನೋ ಬಾಗಿದೆ ಅಂತ ಅರ್ಥ.

ಆವತ್ತು ಹಾಕಿಸಿದ ಹಿಂದಿನ ಜೋಡಿ 18 ಸಾವಿರ ಕಿಲೋಮೀಟರ್ ಓಡಿತು. ತೆಗೆಯುವ ದಿನ ಗೇಜ್ ಹಾಕಿ ನೋಡಿದೆ. ಒಳಅಂಚು 2.2 ಮಿ.ಮೀ., ಹೊರಅಂಚು 3. ಬಲದ ಟೈರಿನಲ್ಲೂ ಅಷ್ಟೇ, ಎಡದ್ದರಲ್ಲೂ ಅಷ್ಟೇ.