ಹೊಸ ಮೇಷ್ಟ್ರ ಕೈಗೆ ಮೊದಲೇ ಒಂದು ಪುಟ: ನಮ್ಮ ಕಾಲೇಜಿನ ಸಮಾನ ಅವಕಾಶ ಘಟಕ ಹೇಗಿದೆ?

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ನನಗೆ ಆಟಿಸಂ ಇದೆ, ಅಂದರೆ ಜನರ ಮಾತು, ಮುಖಭಾವ, ಸುತ್ತಲ ಶಬ್ದ ಇವನ್ನೆಲ್ಲ ನನ್ನ ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುತ್ತದೆ. ನಮ್ಮ ಕಾಲೇಜಿನಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗಾಗಿ ಸಮಾನ ಅವಕಾಶ ಘಟಕ ಅಂತ ಒಂದಿದೆ. ಅದನ್ನು ಸ್ಕಾಲರ್‌ಶಿಪ್ ಫಾರಂ ತುಂಬುವ ಜಾಗ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ನಾನು ಅಲ್ಲಿಗೆ ಹೋಗುವುದು ಬೇರೆ ಕೆಲಸಕ್ಕೆ. ಹೊಸ ಸೆಮಿಸ್ಟರ್‌ಗೆ ಹೊಸ ಮೇಷ್ಟ್ರು ಬಂದಾಗ ಅವರಿಗೆ ನನ್ನ ವಿಷಯ ತಿಳಿಸುವುದು ಈ ಘಟಕವೇ. ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ, ಎಲ್ಲಿ ಕೈಬಿಡುತ್ತದೆ ಅಂತ ಬರೆಯುತ್ತೇನೆ. ಕಾಲೇಜಿನ ಹೆಸರು ಹಾಕುವುದಿಲ್ಲ. ದೂರುಗಳೂ ಇವೆ, ನಾನು ಇನ್ನೂ ಅಲ್ಲೇ ಓದಬೇಕು.

ಮೊದಲು ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ನನಗೆ ಹೊಸ ಸಬ್ಜೆಕ್ಟಿಗಿಂತ ಹೊಸ ಮೇಷ್ಟ್ರೇ ದೊಡ್ಡ ಪಾಠ. ಒಬ್ಬರು "ಅರ್ಥ ಆಯ್ತಾ?" ಅಂದರೆ ಅವರಿಗೆ ನಿಜವಾಗಿ ಉತ್ತರ ಬೇಕು. ಇನ್ನೊಬ್ಬರು ಅದೇ ಮಾತನ್ನು ಅಭ್ಯಾಸಬಲದಿಂದ ಹೇಳುತ್ತಾರೆ, "ಇಲ್ಲ ಸರ್" ಅಂದರೆ ಸಿಟ್ಟಾಗುತ್ತಾರೆ. ಒಬ್ಬರಿಗೆ ಬೋರ್ಡ್ ಮೇಲೆ ಬರೆದದ್ದೇ ನೋಟ್ಸ್. ಇನ್ನೊಬ್ಬರಿಗೆ ಬಾಯಲ್ಲಿ ಹೇಳಿದ್ದೇ ನೋಟ್ಸ್. ಒಬ್ಬರು ಮಧ್ಯದಲ್ಲಿ ಡೌಟ್ ಕೇಳು ಅಂತಾರೆ, ಇನ್ನೊಬ್ಬರು ಕೊನೆಗೆ ಕೇಳು ಅಂತಾರೆ, ಮೂರನೆಯವರು ಏನೂ ಹೇಳುವುದೇ ಇಲ್ಲ. ಬೇರೆಯವರು ಇದನ್ನೆಲ್ಲ ಅಕ್ಕಪಕ್ಕ ನೋಡಿಕೊಂಡೇ ಹಿಡಿದುಬಿಡುತ್ತಾರೆ. ನಾನು ಒಂದೊಂದನ್ನೂ ಗಮನ ಇಟ್ಟು ಕಲಿಯಬೇಕು. ಕಲಿತದ್ದನ್ನು ಮರೆಯುವುದಿಲ್ಲ. ಆದರೆ ಅಷ್ಟರಲ್ಲಿ ಮೊದಲ ಇಂಟರ್ನಲ್ಸ್ ಬಂದುಬಿಡುತ್ತದೆ. ಅದಕ್ಕೂ ಮೊದಲೇ ಮೇಷ್ಟ್ರು ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಈ ಹುಡುಗಿಗೆ ಸೊಕ್ಕು, ಮಾತಾಡಿಸಿದರೆ ಮುಖ ಎತ್ತಿ ನೋಡಲ್ಲ, ಅಂತ.

ಆ ತೀರ್ಮಾನ ಆಗುವ ಮೊದಲೇ ಘಟಕ ಅವರನ್ನು ತಲುಪುತ್ತದೆ. ನನ್ನ ಪ್ರಕಾರ ಇದರ ದೊಡ್ಡ ಗುಣ ಇದೇ.

ಸೆಮಿಸ್ಟರ್ ಶುರುವಾಗುವ ಮುಂಚಿನ ವಾರ ಘಟಕದ ಮೇಡಂ ನನ್ನನ್ನು ಕರೆಸುತ್ತಾರೆ. ಅವರು ನಿಜವಾಗಿ ಇಂಗ್ಲಿಷ್ ಪಾಠ ಮಾಡುವವರು. ಘಟಕ ಅವರಿಗೆ ಹೆಚ್ಚುವರಿಯಾಗಿ ಬಂದ ಕೆಲಸ. ಇಬ್ಬರೂ ಕುಳಿತು ಒಂದು ಪತ್ರ ತಯಾರು ಮಾಡುತ್ತೇವೆ. ಒಂದೇ ಪುಟ. ಎರಡನೇ ಪುಟವನ್ನು ಯಾರೂ ತಿರುವುವುದಿಲ್ಲ ಅಂತ ಮೇಡಂ ಹೇಳುತ್ತಾರೆ, ನನಗೂ ಹೌದು ಅನ್ನಿಸುತ್ತದೆ. ಆಟಿಸಂ ಅಂದರೇನು ಅನ್ನುವ ಪಾಠ ಅದರಲ್ಲಿ ಇರುವುದಿಲ್ಲ. ಕ್ಲಾಸಿನಲ್ಲಿ ಏನು ಕಾಣಿಸಬಹುದು, ಆಗ ಏನು ಮಾಡಬೇಕು, ಅಷ್ಟೇ. ಈ ಸಲದ ಪತ್ರದಿಂದ ಕೆಲವು ಸಾಲು ಇಲ್ಲಿ ಹಾಕುತ್ತೇನೆ, ಬೇಕಾದವರು ಬಳಸಿಕೊಳ್ಳಿ:

"ಇವಳು ನಿಮ್ಮ ಮುಖ ನೋಡದೆ ಮಾತಾಡಬಹುದು. ಕಿಟಕಿ ಕಡೆ ನೋಡುತ್ತಿದ್ದರೂ ಪಾಠ ಕೇಳುತ್ತಿರುತ್ತಾಳೆ."

"ದಿಢೀರ್ ಅಂತ ಎಬ್ಬಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಮಾತು ಹೊರಡುವುದಿಲ್ಲ. ಪ್ರಶ್ನೆಯನ್ನು ಹಿಂದಿನ ದಿನ ಹೇಳಿ, ಇಲ್ಲವೇ ಬರೆದು ಕೊಡಲು ಬಿಡಿ."

"ರೂಮು, ಸಮಯ, ಟೆಸ್ಟಿನ ದಿನಾಂಕ ಬದಲಾದರೆ ಬೋರ್ಡ್ ಮೇಲೆ ಬರೆಯಿರಿ ಅಥವಾ ಗ್ರೂಪಿಗೆ ಹಾಕಿ."

"ಕಿವಿಯಲ್ಲಿ ಇಯರ್‌ಪ್ಲಗ್ ಇರುತ್ತದೆ. ಅದು ಗದ್ದಲ ಕಡಿಮೆ ಮಾಡಲು. ಹಾಡು ಕೇಳುತ್ತಿಲ್ಲ."

ಪ್ರಿನ್ಸಿಪಾಲರ ಸಹಿ ಹಾಕಿಸಿ ಈ ಪತ್ರವನ್ನು ಆಯಾ ಸಬ್ಜೆಕ್ಟಿನ ಮೇಷ್ಟ್ರಿಗೆ ಕೊಡುತ್ತಾರೆ. ಸಹಿ ಮುಖ್ಯ. ವಿದ್ಯಾರ್ಥಿ ಹೋಗಿ ಇದೇ ಮಾತು ಹೇಳಿದರೆ ನೆಪ ಅನ್ನಿಸಿಕೊಳ್ಳುತ್ತದೆ. ಸಹಿ ಇದ್ದರೆ ಅದು ಕಾಲೇಜಿನ ಮಾತಾಗುತ್ತದೆ.

ಪತ್ರ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಅದನ್ನೂ ಹೇಳಬೇಕು. ಹೊಸಬರಾದ ಪ್ರತಿಯೊಬ್ಬರ ಜೊತೆಯೂ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೊತ್ತು ಭೇಟಿ ಇರುತ್ತದೆ, ಮೇಡಂ ಪಕ್ಕದಲ್ಲೇ ಕೂತಿರುತ್ತಾರೆ. ಈ ಸಲ ಕೆಮಿಸ್ಟ್ರಿಗೆ ಬಂದ ಸರ್ ಪತ್ರವನ್ನು ಪೂರ್ತಿ ಓದಿದರು. ಆಮೇಲೆ ಮೊದಲಿಂದ ಇನ್ನೊಮ್ಮೆ ಓದಿದರು. "ನಾನು ಪಾಠ ಮಾಡುವಾಗ ಓಡಾಡ್ತಾ ಇರ್ತೀನಮ್ಮಾ, ಅದು ತೊಂದರೇನಾ?" ಅಂತ ಕೇಳಿದರು. ಇಲ್ಲ ಸರ್, ಶಬ್ದ ಆದರೆ ಮಾತ್ರ ಕಷ್ಟ ಅಂದೆ. "ಹಂಗಾದ್ರೆ ಡಸ್ಟರ್ ಟೇಬಲ್ಲಿಗೆ ಬಡಿಯೋದು ಬಿಡಬೇಕು" ಅಂದರು. ಬಿಟ್ಟರು ಕೂಡ. ಈಗ ಕ್ಲಾಸಿನಲ್ಲಿ ಗಲಾಟೆಯಾದರೆ ಒಂದು ಕೈ ಎತ್ತಿ ಸುಮ್ನೆ ನಿಲ್ಲುತ್ತಾರೆ. ಮುಂದಿನ ಬೆಂಚಿಂದ ಹಿಂದಿನ ಬೆಂಚಿನವರೆಗೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅದನ್ನು ನೋಡಿ ಸುಮ್ಮನಾಗುತ್ತಾರೆ. ಡಸ್ಟರ್ ಏಟಿಗೆ ನಾನು ಬೆಚ್ಚಿಬಿದ್ದು ಆ ಗಂಟೆಯ ಉಳಿದ ಪಾಠ ಪೂರ್ತಿ ಕಳೆದುಕೊಳ್ಳುತ್ತಿದ್ದ ಕಾಲ ಇತ್ತು. ಅವರ ಕ್ಲಾಸಿನಲ್ಲಿ ಈಗ ಅದಿಲ್ಲ.

ಎಲ್ಲರೂ ಹೀಗೇ ಇರುವುದಿಲ್ಲ. ಇನ್ನೊಬ್ಬರು ಪತ್ರ ನೋಡಿ "ನೋಡೋಕೆ ಚೆನ್ನಾಗೇ ಇದೀಯಲ್ಲಮ್ಮಾ, ನಿಂಗೇನಾಗಿದೆ?" ಅಂದರು. ಈ ಮಾತಿಗೆ ನನ್ನಿಂದ ಉತ್ತರ ಬರುವುದಿಲ್ಲ. ಮೇಡಂ ಉತ್ತರ ಕೊಟ್ಟರು. ದನಿ ಏರಿಸಲಿಲ್ಲ. 1995ರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಅದರಲ್ಲಿ ಇದೂ ಒಂದು ಅಂತ ಹೇಳಿದರು. ಸರ್ಟಿಫಿಕೇಟ್ ಹೇಗೆ ಕೊಡುತ್ತಾರೆ ಅಂತಲೂ ವಿವರಿಸಿದರು. ಆಟಿಸಂ ಎಷ್ಟಿದೆ ಅಂತ ನೋಡಲು ಬಳಸುವ ಐಎಸ್ಎಎ ಅನ್ನುವ ಅಳತೆಪಟ್ಟಿಯಲ್ಲಿ 40 ಅಂಶ ಇವೆ, ಒಂದೊಂದಕ್ಕೂ 1ರಿಂದ 5ರ ತನಕ ಅಂಕ, ಒಟ್ಟು 70 ಮುಟ್ಟಿದರೆ ಆಟಿಸಂ ಅಂತ ಲೆಕ್ಕ. "ಮುಖ ನೋಡಿ ಹೇಳುವುದಲ್ಲ ಸರ್, ತಜ್ಞರು ಕೂರಿಸಿ ನೋಡಿರುತ್ತಾರೆ" ಅಂದರು. ಆ ಸರ್ ಆಮೇಲೆ ಸ್ನೇಹದಿಂದೇನೂ ಮಾತಾಡಲಿಲ್ಲ. ಆದರೆ ಪತ್ರದಲ್ಲಿ ಇದ್ದದ್ದನ್ನು ಪಾಲಿಸುತ್ತಿದ್ದಾರೆ. ನನಗೆ ಅಷ್ಟು ಸಾಕು. ಸ್ನೇಹ ಕೇಳೋಕೆ ನಾನು ಹೋಗಿರಲಿಲ್ಲ.

ಇಲ್ಲಿ ಒಂದು ವಿಷಯ ತಂದೆತಾಯಂದಿರು ತಿಳಿದಿರಬೇಕು. ಸೀಟಿನ ಮೀಸಲಾತಿಗೆ ನ್ಯೂನತೆ ಕನಿಷ್ಠ ಶೇಕಡ 40 ಇರಬೇಕು ಅನ್ನುವ ಮಿತಿ ಇದೆ. ಆದರೆ ಕ್ಲಾಸಿನಲ್ಲಿ ಮಾಡಿಕೊಡಬೇಕಾದ ಇಂಥ ಸಣ್ಣ ಹೊಂದಾಣಿಕೆಗಳಿಗೆ ಕಾಯ್ದೆ ಆ ಮಿತಿ ಹಾಕಿಲ್ಲ. 2021ರಲ್ಲಿ, ಕೈಯಲ್ಲಿ ಬರೆಯಲು ಕಷ್ಟವಿದ್ದ ವಿಕಾಶ್ ಕುಮಾರ್ ಅನ್ನುವ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆಯಲ್ಲಿ ತಮ್ಮ ಪರವಾಗಿ ಉತ್ತರ ಬರೆಯುವವರ (ಸ್ಕ್ರೈಬ್) ನೆರವು ಪಡೆಯಲು 40ರ ಮಿತಿ ಅಡ್ಡ ಬರಬಾರದು ಅಂತ ಹೇಳಿದೆ. ನಮ್ಮ ಘಟಕ ಇದನ್ನು ಸರಿಯಾಗಿ ಪಾಲಿಸುತ್ತದೆ. ವಿಕಲಚೇತನರ ಗುರುತಿನ ಚೀಟಿಯಲ್ಲಿ (ಯುಡಿಐಡಿ ಕಾರ್ಡ್) ಎಷ್ಟು ಪರ್ಸೆಂಟ್ ಅಂತ ನೋಡಿ ಯಾರನ್ನೂ ವಾಪಸ್ ಕಳಿಸಿದ್ದನ್ನು ನಾನು ಕಂಡಿಲ್ಲ.

ಪತ್ರದಷ್ಟೇ ಉಪಯೋಗಕ್ಕೆ ಬಂದದ್ದು ಇನ್ನೊಂದಿದೆ: ರೂಮು ಮೊದಲೇ ತೋರಿಸುವುದು. ರಜೆ ಮುಗಿಯುವ ಮುಂಚೆ ಅಟೆಂಡರ್ ಅಣ್ಣ ಬೀಗದ ಕೈ ಗೊಂಚಲು ಹಿಡಿದು ನನ್ನ ಜೊತೆ ಬರುತ್ತಾರೆ. ಪ್ರತಿ ರೂಮಿನಲ್ಲೂ ಲೈಟ್ ಹಾಕಿಸುತ್ತೇನೆ, ಒಂದೊಂದೇ ಫ್ಯಾನ್ ಹಾಕಿಸುತ್ತೇನೆ. ಮೇಲಿನ ಮಹಡಿಯ ಒಂದು ರೂಮಿನಲ್ಲಿ ಬಾಗಿಲ ಕಡೆಯ ಫ್ಯಾನ್ ಟಕಟಕ ಅನ್ನುತ್ತದೆ. ನಮ್ಮೂರಲ್ಲಿ ಏಪ್ರಿಲ್ ತಿಂಗಳಿನಲ್ಲಿ ಫ್ಯಾನ್ ಆರಿಸಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಹಾಗಾಗಿ ನಾನೇ ದೂರದ ಗೋಡೆ ಪಕ್ಕದ ಬೆಂಚು ಆರಿಸಿಕೊಂಡೆ, ಮೇಡಂ ಆ ಜಾಗವನ್ನು ನನ್ನ ಹೆಸರಿಗೆ ಪತ್ರದಲ್ಲೇ ಸೇರಿಸಿದರು. ಮೊದಲ ದಿನ ಎಲ್ಲಿ ಕೂರಲಿ ಅನ್ನುವ ತಲೆಬಿಸಿ ಇಲ್ಲದಿದ್ದರೆ ಆ ಗಮನವೆಲ್ಲ ಎದುರಿಗಿರುವ ಹೊಸ ಮೇಷ್ಟ್ರಿಗೆ ಸಿಗುತ್ತದೆ. ಈ ಸೆಮಿಸ್ಟರ್‌ನ ಮೊದಲ ದಿನ ಸಂಜೆ ಗೆಳತಿಯರ ಜೊತೆ ಬೆಣ್ಣೆ ದೋಸೆ ತಿನ್ನೋಕೆ ಹೋದೆ. ಮುಂಚೆಲ್ಲ ಮೊದಲ ದಿನ ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದೆ. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ಹೊರಗೆ ಕಾಯುತ್ತಿದ್ದರು. ಸೇವೆ ಹೇಗಿದೆ ಅಂತ ಅಮ್ಮನನ್ನು ಕೇಳಿದರೆ ಅವರು ಈ ದೋಸೆಯ ವಿಷಯವನ್ನೇ ಹೇಳುತ್ತಾರೆ.

ಇನ್ನು ದೂರುಗಳು.

ಎಲ್ಲಕ್ಕಿಂತ ದೊಡ್ಡದು ಅತಿಥಿ ಉಪನ್ಯಾಸಕರ ವಿಷಯ. ಅವರ ನೇಮಕ ಕೌನ್ಸೆಲಿಂಗ್ ಮೂಲಕ ಆಗುತ್ತದೆ. ಅದು ಮುಗಿದು ಅವರು ಬಂದು ಸೇರುವಷ್ಟರಲ್ಲಿ ಕ್ಲಾಸುಗಳು ಶುರುವಾಗಿರುತ್ತವೆ. ಘಟಕದ ಪತ್ರ ಮಾತ್ರ ಸೆಮಿಸ್ಟರ್ ಶುರುವಿನಲ್ಲಿ ಒಂದೇ ಸಲ ಹೊರಡುತ್ತದೆ. ತಡವಾಗಿ ಬಂದವರಿಗೆ ಅದು ಸೇರುವುದಿಲ್ಲ. ಹೋದ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟಿಗೆ ಹೀಗೇ ಆಯಿತು. ಒಂದು ದಿನ ಯಾರೋ ಹೊಸಬರು ಬಂದು ಪಾಠ ಶುರು ಮಾಡಿದರು, ಹೆಸರನ್ನೂ ಹೇಳಲಿಲ್ಲ. ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರು, ಮಾತು ಬರಲಿಲ್ಲ, ಕಿವಿಯಲ್ಲಿರುವುದನ್ನು ತೆಗಿ ಅಂದರು, ತೆಗೆಯುವಾಗ ಕೈ ನಡುಗಿತು, ಪೂರ್ತಿ ಕ್ಲಾಸು ತಿರುಗಿ ನೋಡಿತು. ಆ ಹೊಸ ಮೇಡಂ ತಪ್ಪು ಅಂತ ನಾನು ಹೇಳಲಾರೆ. ಅವರಿಗೆ ಯಾರೂ ಹೇಳಿರಲಿಲ್ಲ. ವಿಷಯ ತಿಳಿದ ಮೇಲೆ ಅವರೇ ಬಂದು ಮಾತಾಡಿಸಿದರು. ಆದರೆ ಅವರ ಕ್ಲಾಸ್ ಅಂದರೆ ಹೊಟ್ಟೆಯೊಳಗೆ ಸಂಕಟ ಆಗುವುದು ಆ ಸೆಮಿಸ್ಟರ್ ಮುಗಿಯುವವರೆಗೂ ಹೋಗಲಿಲ್ಲ. ಹೊಸಬರು ಕೆಲಸಕ್ಕೆ ಸೇರುವ ದಿನ ಆಫೀಸಿನಲ್ಲಿ ಕೊಡುವ ಕಾಗದಗಳ ಜೊತೆ ಇದೊಂದು ಪುಟವನ್ನೂ ಇಟ್ಟರೆ ಮುಗಿಯಿತು. ಇದನ್ನು ಬರೆದು ಕೊಟ್ಟಿದ್ದೇನೆ. ಇನ್ನೂ ಆಗಿಲ್ಲ.

ಇನ್ನೊಂದು, ಗುಟ್ಟಿನ ವಿಷಯ. ಒಬ್ಬ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ನನ್ನ ಪತ್ರವನ್ನು ಕ್ಲಾಸಿನಲ್ಲಿ ಜೋರಾಗಿ ಓದಿಬಿಟ್ಟರು. "ಎಲ್ಲರೂ ಇವಳಿಗೆ ಸಹಾಯ ಮಾಡಿ" ಅಂದರು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ನನ್ನ ನಿರ್ಧಾರ ಆಗಬೇಕಿತ್ತು. ಘಟಕ ಇದಕ್ಕೆ ತಕ್ಷಣ ಸ್ಪಂದಿಸಿತು. ಈಗ ಪತ್ರದ ಮೊದಲ ಸಾಲೇ ದಪ್ಪ ಅಕ್ಷರದಲ್ಲಿ "ಇದನ್ನು ತರಗತಿಯಲ್ಲಿ ಓದಬೇಡಿ, ಬೇರೆಯವರಿಗೆ ತೋರಿಸಬೇಡಿ" ಅಂತ ಇದೆ.

ಘಟಕದ ರೂಮನ್ನು ಬಿಡುವಿನ ವೇಳೆ ಬಳಸಿಕೊಳ್ಳಬಹುದು ಅಂತಾರೆ. ರೂಮು ಚೆನ್ನಾಗಿದೆ, ಪರದೆ ಇದೆ, ನೀರಿದೆ. ಆದರೆ ಪಕ್ಕದಲ್ಲೇ ಸ್ಪೋರ್ಟ್ಸ್ ರೂಮು. ಕೇರಂ ಸ್ಟ್ರೈಕರ್ ಸದ್ದು ಗೋಡೆ ದಾಟಿ ಬರುತ್ತದೆ. ಯುವಜನೋತ್ಸವದ ಪ್ರಾಕ್ಟೀಸ್ ಶುರುವಾದರಂತೂ ಡೊಳ್ಳಿನ ಸದ್ದಿಗೆ ಅಲ್ಲಿ ಕೂರೋಕೆ ಆಗಲ್ಲ. ಲೈಬ್ರರಿಯ ಹಿಂದಿನ ಖಾಲಿ ರೂಮನ್ನು ಕೊಟ್ಟರೆ ಒಳ್ಳೆಯದು.

ಪರೀಕ್ಷೆಯ ಹೆಚ್ಚುವರಿ ಸಮಯದ ಬಗ್ಗೆ ತೊಂದರೆ ಆಗಿಲ್ಲ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. ಅರ್ಜಿಯನ್ನು ಮಾತ್ರ ಮುಂಚೆಯೇ ಕೊಡಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅತಿಥಿ ಉಪನ್ಯಾಸಕರ ವಿಷಯಕ್ಕೆ.

ನಿಮ್ಮ ಮಗ ಅಥವಾ ಮಗಳು ಈ ವರ್ಷ ಡಿಗ್ರಿಗೆ ಸೇರುತ್ತಿದ್ದರೆ ಅಡ್ಮಿಷನ್ ದಿನವೇ ಘಟಕ ಎಲ್ಲಿದೆ ಅಂತ ಕೇಳಿ. ಕಾಲೇಜು ಶುರುವಾಗಲಿ ಆಮೇಲೆ ನೋಡೋಣ ಅಂತ ಬಿಡಬೇಡಿ. ಯುಡಿಐಡಿ ಕಾರ್ಡಿನ ಜೆರಾಕ್ಸ್ ತಗೊಂಡು ಹೋಗಿ. ಕಾರ್ಡ್ ಇನ್ನೂ ಬಂದಿಲ್ಲದಿದ್ದರೆ ಈ ಕಾರ್ಡಿಗಾಗಿ ಇರುವ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಪ್ರತಿ ಇಟ್ಟುಕೊಳ್ಳಿ, ನಮ್ಮ ಘಟಕ ಅದನ್ನೂ ಒಪ್ಪಿಕೊಂಡಿದೆ. ಪತ್ರ ಬರೆಯುವಾಗ ಮಕ್ಕಳನ್ನೇ ಮುಂದೆ ಕೂರಿಸಿ, ನೀವೇ ಎಲ್ಲ ಹೇಳಬೇಡಿ. ಮಾತಾಡಲು ಕಷ್ಟವಾದರೆ ಮನೆಯಲ್ಲೇ ಬರೆದುಕೊಂಡು ಬರಲಿ. ಪತ್ರ ತಯಾರಾದ ಮೇಲೆ ಸಹಿ ಇರುವ ಒಂದೆರಡು ಪ್ರತಿ ಕೇಳಿ ಇಸಿದುಕೊಂಡು ಬ್ಯಾಗಿನಲ್ಲಿ ಇಟ್ಟಿರಿ. ಮಧ್ಯದಲ್ಲಿ ಹೊಸ ಮೇಷ್ಟ್ರು ಬಂದರೆ ಅವರ ಮೊದಲ ಕ್ಲಾಸ್ ಮುಗಿದ ಕೂಡಲೇ ಒಂದು ಪ್ರತಿ ಕೊಡಬಹುದು. ಈ ಸೆಮಿಸ್ಟರ್ ನಾನು ಹಾಗೇ ಮಾಡುತ್ತಿದ್ದೇನೆ.