ಬಾರಾಟಾಂಗ್ ದಾರಿಯಲ್ಲಿ ‘ಜಾರವಾ ತೋರಿಸುತ್ತೇವೆ’ ಎನ್ನುವವರಿಗೆ ಹಣ ಕೊಡಬೇಡಿ

ಅಂಡಮಾನಿನ ಮಳೆಕಾಡು ನೋಡಲು ಹೊರಡುವವರಲ್ಲಿ ಹೆಚ್ಚಿನವರು ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಯನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿಕೊಂಡಿರುತ್ತಾರೆ. ನಾವೂ ಬೆಂಗಳೂರಿನ ಏಜೆಂಟರೊಬ್ಬರ ಮೂಲಕ ‘ಕಾಡು, ವನ್ಯಜೀವಿ, ಗುಹೆ’ ಎಂಬ ಪ್ಯಾಕೇಜಿಗೆ ಹಣ ಕಟ್ಟಿ ಹೋಗಿದ್ದೆವು. ಅಲ್ಲಿನ ಕಾಡಿನಲ್ಲಿ ಬದುಕುವ ಜಾರವಾ ಆದಿವಾಸಿಗಳ ವಿಷಯ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಆ ಮಾತು ಬಂದದ್ದು ಶ್ರೀ ವಿಜಯಪುರಂನಿಂದ, ಅಂದರೆ ಹಿಂದಿನ ಪೋರ್ಟ್ ಬ್ಲೇರ್‌ನಿಂದ, ಬೆಳಗಿನ ಜಾವ ಟೆಂಪೊ ಟ್ರಾವೆಲರ್ ಹೊರಟ ಮೇಲೆ, ಚಾಲಕನ ಬಾಯಿಂದ. ತಲೆಗೆ ಇಷ್ಟೆಂದು ಹೆಚ್ಚುವರಿ ಹಣ ಕೊಟ್ಟರೆ ಜಾರವಾಗಳು ಕಂಡಲ್ಲಿ ಗಾಡಿಯನ್ನು ನಿಧಾನ ಮಾಡುವುದಾಗಿ ಅವನು ಹೇಳಿದ. ನಾವು ಒಪ್ಪಲಿಲ್ಲ. ಸಹಪ್ರಯಾಣಿಕರಲ್ಲಿ ಕೆಲವರು ಒಪ್ಪಿದರು, ಗಾಡಿ ಮಾತ್ರ ಒಂದೇ ಇತ್ತು.

ಜಿರ್ಕಟಾಂಗ್ ಚೆಕ್‌ಪೋಸ್ಟಿನಿಂದ ಮಿಡಲ್ ಸ್ಟ್ರೇಟ್ ಜೆಟ್ಟಿಯವರೆಗೆ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಮೀಸಲು ಪ್ರದೇಶದ ಒಳಗೇ ಹಾದು ಹೋಗುತ್ತದೆ. ಅಲ್ಲಿ ಗೊತ್ತಾದ ಹೊತ್ತಿಗೆ, ಪೊಲೀಸ್ ಬೆಂಗಾವಲಿನಲ್ಲಿ, ಸಾಲಾಗಿ ಮಾತ್ರ ವಾಹನಗಳನ್ನು ಬಿಡುತ್ತಾರೆ. ನಿಲ್ಲಿಸಬಾರದು, ಒಂದನ್ನೊಂದು ಹಿಂದಿಕ್ಕಬಾರದು, ಫೋಟೊ ತೆಗೆಯಬಾರದು, ತಿನ್ನಲು ಏನನ್ನೂ ಕೊಡಬಾರದು ಎಂಬ ಫಲಕ ಚೆಕ್‌ಪೋಸ್ಟಿನಲ್ಲಿಯೇ ಇದೆ. ಅದರ ಎದುರಿಗೇ ನಮ್ಮ ಗಾಡಿಯ ಹಿಂದಿನ ಸೀಟಿನವರು ಬಾಳೆಹಣ್ಣು, ಬಿಸ್ಕತ್ತು ಕೊಂಡು ಚೀಲಕ್ಕೆ ತುಂಬಿದರು. ಕಾಡಿನ ನಡುವೆ ಒಂದು ತಿರುವಿನಲ್ಲಿ ನಾಲ್ಕಾರು ಜನ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದರು. ಒಬ್ಬಾಕೆಯ ಸೊಂಟದ ಮೇಲೆ ಮಗುವಿತ್ತು. ಚಾಲಕ ಗೇರ್ ಇಳಿಸಿ ಎರಡು ಬಾರಿ ಹಾರ್ನ್ ಒತ್ತಿದ. ಹಿಂದಿನವರೊಬ್ಬರು ಮೊಬೈಲನ್ನು ಟೋಪಿಯೊಳಗೆ ಅಡಗಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹಿಂದಿನ ಬಸ್ಸಿನವರು ಹಾರ್ನ್ ಬಾರಿಸತೊಡಗಿದ್ದರಿಂದ ಗಾಡಿ ಮತ್ತೆ ಓಡಿತು. ಇಲ್ಲವಾದರೆ ಬಾಳೆಹಣ್ಣೂ ಹೊರಗೆ ಹೋಗುತ್ತಿತ್ತು.

ಮಿಡಲ್ ಸ್ಟ್ರೇಟ್‌ನಲ್ಲಿ ಪೊಲೀಸರು ಗಾಡಿಯನ್ನು ಬದಿಗೆ ಹಾಕಿಸಿದರು. ಮೊಬೈಲಿನ ವಿಡಿಯೊ ಅಳಿಸಿ, ಹೆಸರು, ವಿಳಾಸ ಬರೆದುಕೊಂಡು, ಹೇಳಿಕೆ ಪಡೆದು ಬಿಡುವಷ್ಟರಲ್ಲಿ ಗುಹೆಗೆ ಹೋಗುವ ದೋಣಿಗಳ ಸರದಿ ಮುಗಿಯುತ್ತ ಬಂದಿತ್ತು. ಮರಳುವ ಸಾಲಿನ ಹೊತ್ತೂ ಗೊತ್ತುಪಡಿಸಿದ್ದೇ ಆದ್ದರಿಂದ, ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ನಡುವಿನ ದೋಣಿಯ ದಾರಿಯನ್ನಾಗಲಿ ಗುಹೆಯನ್ನಾಗಲಿ ನಾವು ಕಾಣಲೇ ಇಲ್ಲ. ಸಂಜೆ ಚಾಲಕ ತನಗಾದ ತೊಂದರೆಯ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕೆಂದು ಕೇಳಿದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಇದನ್ನು ಸಣ್ಣ ತುಂಟತನವೆಂದು ತಿಳಿಯುವವರಿಗೆ ಹಿನ್ನೆಲೆ ಗೊತ್ತಿರಬೇಕು. ಜಾರವಾಗಳು ಹೊರಗಿನವರೊಡನೆ ಹಗೆ ಬಿಟ್ಟು ಬೆರೆಯತೊಡಗಿದ್ದೇ 1990ರ ದಶಕದ ಕೊನೆಯಲ್ಲಿ. 1999ರಲ್ಲಿಯೇ ಅವರಲ್ಲಿ ದಡಾರ ಹರಡಿತು. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ಕೆಮ್ಮು, ನೆಗಡಿ ಇರುವ ಪ್ರವಾಸಿ ಕಿಟಕಿಯಿಂದ ಚಾಚುವ ಬಿಸ್ಕತ್ತು ಅಷ್ಟು ಸಣ್ಣ ಸಮುದಾಯಕ್ಕೆ ಉಪಕಾರವಲ್ಲ. ಮೀಸಲು ಪ್ರದೇಶದೊಳಗಿನ ಈ ರಸ್ತೆಯನ್ನು ಮುಚ್ಚುವಂತೆ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿತ್ತು. ಜಾರವಾ ಹೆಣ್ಣುಮಕ್ಕಳನ್ನು ತಿಂಡಿಯ ಆಸೆ ತೋರಿಸಿ ಕುಣಿಸಿದ ವಿಡಿಯೊ 2012ರಲ್ಲಿ ಹೊರಬಂದು ದೇಶವೇ ತಲೆ ತಗ್ಗಿಸಬೇಕಾಯಿತು. ಆದಿವಾಸಿಗಳ ರಕ್ಷಣೆಗಾಗಿ 1956ರಲ್ಲಿ ಬಂದ ಕಾನೂನಿನ ಶಿಕ್ಷೆಗಳನ್ನು 2012ರಲ್ಲಿಯೇ ಬಿಗಿ ಮಾಡಲಾಯಿತು. ಅವರ ಚಿತ್ರ ತೆಗೆದವರಿಗೂ ಈಗ ಜೈಲುಶಿಕ್ಷೆಯಾಗಬಹುದು. ‘ಎಲ್ಲರೂ ಮಾಡುತ್ತಾರೆ’ ಎನ್ನುವ ಚಾಲಕ ಅಂದು ನಿಮ್ಮ ಜೊತೆ ಕಟಕಟೆಯಲ್ಲಿ ನಿಲ್ಲುವುದಿಲ್ಲ.

ವನ್ಯಜೀವಿಗಳ ಮಾತಿಗೆ ಬಂದರೆ, ಡೀಸೆಲ್ ಹೊಗೆಯ ಆ ಸಾಲಿನಲ್ಲಿ ಕುಳಿತು ಕಾಣುವುದು ಮುಂದಿನ ಬಸ್ಸಿನ ಬೆನ್ನು ಮಾತ್ರ. ಈ ದ್ವೀಪಗಳಲ್ಲಿ ಹುಲಿ, ಚಿರತೆಗಳಿಲ್ಲ. ಅಲ್ಲಿನ ಚುಕ್ಕೆ ಜಿಂಕೆಯೂ ಬ್ರಿಟಿಷರು ತಂದು ಬಿಟ್ಟದ್ದು. ಅಂಡಮಾನಿನ ಕಾಡಿನ ನಿಜವಾದ ಸಂಪತ್ತು ಹಕ್ಕಿಗಳು, ಅದರಲ್ಲಿಯೂ ಬೇರೆಲ್ಲೂ ಸಿಗದ ಕಪ್ಪು ಮೈ, ಕೆಂಪು ಜುಟ್ಟಿನ ಮರಕುಟಿಗದಂಥವು. ಅವುಗಳಿಗೆ ಬೆಳಗ್ಗೆ ಚಿಡಿಯಾ ಟಾಪುವಿನಲ್ಲಿಯೋ ಮೌಂಟ್ ಮಣಿಪುರ (ಹಿಂದಿನ ಮೌಂಟ್ ಹ್ಯಾರಿಯೆಟ್) ರಾಷ್ಟ್ರೀಯ ಉದ್ಯಾನದಲ್ಲಿಯೋ ಕಾಲ್ನಡಿಗೆಯಲ್ಲಿ ತಿರುಗಬೇಕು. ನಾವು ಉಳಿದ ದಿನಗಳಲ್ಲಿ ಹಾಗೆ ಮಾಡಿ ತೃಪ್ತರಾದೆವು. ದ್ವೀಪಗಳ ಮೂಲನಿವಾಸಿಗಳ ಬದುಕನ್ನು ತಿಳಿಯಬೇಕೆನ್ನುವವರಿಗೆ ಶ್ರೀ ವಿಜಯಪುರಂನಲ್ಲಿ ಮಾನವಶಾಸ್ತ್ರ ವಸ್ತುಸಂಗ್ರಹಾಲಯವಿದೆ. ಅಲ್ಲಿ ಬಿಲ್ಲು, ಬುಟ್ಟಿ, ದೋಣಿಗಳ ಮುಂದೆ ಎಷ್ಟು ಹೊತ್ತು ನಿಂತರೂ ಯಾರಿಗೂ ಕೇಡಿಲ್ಲ.

ಊರಿಗೆ ಮರಳಿ ಹಣ ವಾಪಸು ಕೇಳಿದಾಗ, ಚಾಲಕ ತನ್ನ ನೌಕರನಲ್ಲ, ಸ್ಥಳೀಯ ಗುತ್ತಿಗೆಯವನು ಎಂದು ಏಜೆಂಟರು ಕೈತೊಳೆದುಕೊಂಡರು. ಆದ್ದರಿಂದ ಗುಹೆಯನ್ನು ನೋಡಲೇಬೇಕೆನ್ನುವವರು, ಮೀಸಲು ಪ್ರದೇಶ ತಪ್ಪಿಸುವ ಸಮುದ್ರಮಾರ್ಗದ ದೋಣಿ ಆ ದಿನಗಳಲ್ಲಿ ಉಂಟೇ ಎಂದು ಮೊದಲು ವಿಚಾರಿಸಿ. ರಸ್ತೆಯಲ್ಲಿಯೇ ಹೋಗಬೇಕಾದರೆ ವಾಹನದ ಹೊಣೆ ಯಾರದು, ಚಾಲಕನ ತಪ್ಪಿನಿಂದ ದೋಣಿ ತಪ್ಪಿದರೆ ಹಣ ಮರಳುವುದೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ಸಾಧ್ಯವಾದರೆ ಅಪರಿಚಿತರೊಡನೆ ಹಂಚಿಕೊಳ್ಳುವ ಗಾಡಿಯನ್ನು ಬಿಟ್ಟು ಬೇರೆಯದನ್ನು ಗೊತ್ತುಮಾಡಿಕೊಳ್ಳಿ.