ಅವ್ವನ ಬಲಗಣ್ಣು ಹೋದದ್ದು ಹೀಗೆ

ಮನೆಯಲ್ಲಿ 50 ದಾಟಿದವರಿದ್ದರೆ ಇದನ್ನು ಓದಿ. ಅವರಿಗೆ ಹೊಸದಾಗಿ ತಲೆನೋವು ಶುರುವಾಗಿದ್ದರಂತೂ ಈಗಲೇ ಓದಿ.

ನಾವು ಧಾರವಾಡದವರು. ಅವ್ವನಿಗೆ 72. ತಲೆನೋವೆಂದು ಗುಳಿಗೆ ನುಂಗಿದವಳೇ ಅಲ್ಲ. ಹೋದ ಚಳಿಗಾಲದಲ್ಲಿ ಬಲ ಕಣತಲೆ ನೋಯತೊಡಗಿತು. ಥಂಡಿಗೆ ಇರಬೇಕು ಅಂದುಕೊಂಡೆವು.

ಒಂದು ದಿನ ಅವಳ ತಲೆ ಹಿಕ್ಕಲು ಕೂತೆ. ಹಣಿಗೆ ತಾಗಿದ್ದೇ ತಡ, "ಯವ್ವಾ, ಮುಟ್ಟಬ್ಯಾಡ" ಎಂದು ನನ್ನ ಕೈ ಹಿಡಿದಳು. ಕಣತಲೆಯ ಮೇಲೆ ರಕ್ತನಾಳ ಹುರಿಯ ಹಾಗೆ ದಪ್ಪಗೆ ಎದ್ದಿತ್ತು. ನೋಡಿಯೂ ಸುಮ್ನಾದೆ.

ಕಟಕ ರೊಟ್ಟಿ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋತು ನೋಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಕಡಿಮೆ, ಮತ್ತೆ ಅಗಿದರೆ ಮತ್ತೆ ನೋವು. ಕೊನೆಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ತಿನ್ನುತ್ತಿದ್ದಳು. ಹಲ್ಲಿನ ಡಾಕ್ಟರು ಒಂದು ಹಲ್ಲು ಕಿತ್ತರು. ಇನ್ನೊಬ್ಬರು ತಲೆನೋವಿಗೆ ಗುಳಿಗೆ ಕೊಟ್ಟರು. ಬೆಳಿಗ್ಗೆ ತೋಳು ಎತ್ತಲಾಗದ್ದಕ್ಕೆ ವಯಸ್ಸಾಯ್ತಲ್ಲ ಅಂದರು. ಹಲ್ಲಿನವರಿಗೆ ನಾವು ತಲೆನೋವು ಹೇಳಲಿಲ್ಲ, ತಲೆನೋವಿನವರಿಗೆ ರೊಟ್ಟಿಯ ವಿಷಯ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ.

ಆಮೇಲೆ ಎರಡು ಸಲ ಬಲಗಣ್ಣಿಗೆ ಪರದೆ ಇಳಿದ ಹಾಗಾಗಿ, ಒಂದೆರಡು ನಿಮಿಷಕ್ಕೆ ಸರಿಹೋಯಿತು. ಚಶ್ಮಾ ಬದಲಿಸೋಣ ಅಂದಳು. ಮೂರನೇ ಸಲ ಪರದೆ ಏಳಲೇ ಇಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಅಗಿಯುವಾಗ ದವಡೆ ನೋಯುತ್ತಿತ್ತಾ?" ನನ್ನ ಕೈಕಾಲು ತಣ್ಣಗಾದವು. ರೋಗದ ಹೆಸರು ಜೈಂಟ್ ಸೆಲ್ ಆರ್ಟರೈಟಿಸ್. ರಕ್ತನಾಳದ ಗೋಡೆ ಬಾತು ಒಳದಾರಿ ಕಿರಿದಾಗುತ್ತದೆ, ಕಣ್ಣಿನ ನರಕ್ಕೆ ರಕ್ತ ಸಾಲುವುದಿಲ್ಲ. ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಕೆಲವೇ ದಿನ ಅಥವಾ ವಾರಗಳಲ್ಲಿ ಇನ್ನೊಂದು ಕಣ್ಣೂ ಹೋಗಬಹುದು. ಅದಕ್ಕೇ ಕಣತಲೆಯ ರಕ್ತನಾಳದ ಚೂರು ತೆಗೆದು ನೋಡುವ ಬಯಾಪ್ಸಿಗೂ ಕಾಯದೆ, ಅಂದೇ ಬಾವು ಇಳಿಸುವ ಸ್ಟೀರಾಯ್ಡ್ ಶುರು ಮಾಡಿದರು.

ಈ ರೋಗದ ಲಕ್ಷಣಗಳು ಇವು: ತಲೆನೋವು, ತಲೆಯ ಚರ್ಮ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು, ಭುಜದ ಬಿಗಿತ, ಸಣ್ಣ ಜ್ವರ, ತೂಕ ಇಳಿಯುವುದು. ಎಲ್ಲ ಒಬ್ಬರಿಗೆ ಇರಲೇಬೇಕೆಂದಿಲ್ಲ. ಇದ್ದಷ್ಟನ್ನೂ ಒಬ್ಬರೇ ಡಾಕ್ಟರ ಮುಂದೆ ಹೇಳಿ. ಮೈಯೊಳಗೆ ಉರಿಯೂತ ಇದೆಯಾ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಕಣ್ಣು ಮಂಜಾದರೆ, ಒಂದು ಎರಡಾಗಿ ಕಂಡರೆ ಬೆಳಗಾಗಲಿ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಅವ್ವನ ಎಡಗಣ್ಣು ಉಳಿದಿದೆ. ಸ್ಟೀರಾಯ್ಡ್ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ, ವರ್ಷದ ಮೇಲೆಯೇ ಬೇಕಾಗಬಹುದಂತೆ. ನಡುವೆ ನಾವಾಗಿಯೇ ನಿಲ್ಲಿಸುವಂತಿಲ್ಲ. ಶುಗರ್ ಏರಿದೆ, ಅದನ್ನೂ ನೋಡಿಕೊಳ್ಳುತ್ತಿದ್ದೇವೆ. ರೊಟ್ಟಿಯನ್ನು ಈಗ ನೆನೆಹಾಕದೆ ತಿನ್ನುತ್ತಾಳೆ.